ಒಂದು ಮ ಕಡಿಮೆ

ನಾಲ್ಕು ವರ್ಷ ಒಬ್ಬನೇ ಕಲಿತೆ.
ನಿಜ್ವಾದ ಹಳೇ ಪೇಟೆಯ ಹಿಂದೆ, ಆರು ಜನರ ಕೋಣೆಯಲ್ಲಿ
ಮೇಲಿನ ಮಂಚ ನನ್ನದು, ಸೂರು ಮೂಗಿಗೇ ತಾಗುವಷ್ಟು ಹತ್ತಿರ.
ಕಿವಿಯೊಳಗೆ ಮೊಬೈಲಿನ ಹೆಂಗಸು:
ಹೇಳು, ಮತ್ತೊಮ್ಮೆ ಹೇಳು.
ಏನು ಹೇಳಿದರೂ ಅವಳಿಗೆ ಖುಷಿ.

ಸಿಮೆಂಟು ಅಂಗಡಿಯವರು ಕೊಟ್ಟ ಡೈರಿಯಲ್ಲಿ
ಅರಬ್ಬಿಯನ್ನು ಕನ್ನಡದಲ್ಲಿ ಬರೆದಿಟ್ಟೆ.
ಬಾಬ್ ಅಂದರೆ ಬಾಗಿಲು.
ಬಾಕಿರ್ ಅಂದರೆ ನಾಳೆ; ಸಂಬಳ ಕೇಳಿದಾಗ
ಅದರೊಳಗಿನ ಬಾಕಿಯಷ್ಟೇ ಕೇಳಿಸುತ್ತದೆ.
ಎರಡು ಥರದ ಹ ಇದೆಯಂತೆ ಆ ಭಾಷೆಯಲ್ಲಿ,
ನನ್ನ ಡೈರಿಯಲ್ಲಿ ಅಣ್ಣ ತಮ್ಮ ಇಬ್ಬರಿಗೂ ಒಂದೇ ಅಂಗಿ.
ಇನ್ನೊಂದು ಅಕ್ಷರ, ಐನ್,
ಬರೆದರೆ ಮೀನಿನ ಗಾಳದ ಹಾಗೆ,
ಗಂಟಲ ತಳಕ್ಕೆ ಇಳಿಬಿಟ್ಟು ಎಳೆಯಬೇಕು.

ಅದನ್ನು ಟ್ಯಾಂಕಿನೊಳಗೆ ಕಲಿತೆ.
ಪ್ಲಂಬರ್ ಕೆಲಸ. ತಾರಸಿಯ ಟ್ಯಾಂಕು ಬರಿದು ಮಾಡಿ
ಒಳಗಿಳಿದು ತಳ ಕೆರೆಯುವಾಗ ಯಾರಿರುತ್ತಾರೆ?
ಅ, ಅಂದೆ.
ಅ, ಅಂದಿತು ಟ್ಯಾಂಕು,
ನನಗಿಂತ ದೊಡ್ಡ ದನಿಯಲ್ಲಿ, ನನಗಿಲ್ಲದ ಧೈರ್ಯದಲ್ಲಿ
ನನ್ನ ತಪ್ಪನ್ನೇ ಒಂದಿಷ್ಟೂ ಕೆಡಿಸದೆ ವಾಪಸು ಕೊಟ್ಟಿತು.

ಹೀಗಿರುವಾಗ ಒಂದು ಬೆಳಿಗ್ಗೆ ಶಮ್ಸಾ ಅಜ್ಜಿ ಬಾಗಿಲು ತೆಗೆದಳು.
ಚೀಲ ಕೆಳಗಿಟ್ಟು, ಕಲಿತದ್ದನ್ನೆಲ್ಲ ಸೇರಿಸಿ ಹೇಳಿದೆ:
ನಿಮ್ಮ ಹಮಾಮ್ ರಿಪೇರಿಗೆ ಬಂದಿದ್ದೇನೆ.
ನನ್ನನ್ನು ನೋಡಿದಳು. ಆಕಾಶ ನೋಡಿದಳು.
ನಗಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಐದನೇ ವರ್ಷ ತರಗತಿ ಸೇರಿದೆ.
ಶುಕ್ರವಾರ ಸಂಜೆ, ಖರ್ಜೂರದ ಗೋದಾಮಿಗೆ ಅಂಟಿದ ಕೋಣೆ.
ಮಕ್ಕಳ ಬೆಂಚು, ಮಂಡಿ ಹಿಡಿಸುವುದಿಲ್ಲ.
ಉಸ್ತಾದ್ ಖಲ್ಫಾನ್ ಹಿಂದೆ ಫಲಜ್ ಕಾಲುವೆಯ
ನೀರಿನ ಸರದಿ ಬರೆದಿಡುತ್ತಿದ್ದವರು.
ಮಾತನ್ನೂ ಹಾಗೆಯೇ ಬಿಡುತ್ತಾರೆ: ನಿನ್ನ ಪಾಲು ಆಯಿತು,
ಈಗ ಪಕ್ಕದ ತೋಟಕ್ಕೆ.
ಪಕ್ಕದ ತೋಟ ಟೈಲ್ಸ್ ಹಾಕುವ ಮೊಫಿಜುಲ್,
ಅದರಾಚೆ ಆಸ್ಪತ್ರೆಯ ನೆಲ ಒರೆಸುವ ನಿಲ್ಮಿನಿ.
ಪುಸ್ತಕದಲ್ಲಿ ಬೆಟ್ಟಕ್ಕೆ ಜಬಲ್. ಚಹಾ ಕುಡಿಯುವಾಗ
ಉಸ್ತಾದರ ಬಾಯಲ್ಲೇ ಅದು ಗಬಲ್.
ಕಾಯುತ್ತ ಕೂರಬೇಕು. ನಿಜ ಹೇಳುತ್ತೇನೆ,
ಒಬ್ಬನೇ ಆಗಿದ್ದರೆ ಅಷ್ಟರಲ್ಲಿ ಹತ್ತು ಪದ ಆಗುತ್ತಿತ್ತು.

ನನ್ನ ಸರದಿ ಬಂತು. ಏನು ಕೆಲಸ?
ಹಮಾಮ್ ರಿಪೇರಿ, ಅಂದೆ.
ಬೆಂಚುಗಳೆಲ್ಲ ಕಿರುಗುಟ್ಟಿದವು. ಮೊಫಿಜುಲ್
ಎರಡೂ ಕೈ ರೆಕ್ಕೆ ಮಾಡಿ ಕೋಣೆಯ ತುಂಬ ಹಾರಿದ.
ಉಸ್ತಾದ್ ಬೋರ್ಡಿನ ಮೇಲೆ, ಮೀಮ್‌ನ ತಲೆಗೆ
ಇರುವೆಯಷ್ಟು ಗುರುತು ಇಟ್ಟರು:
ಇದಿದ್ದರೆ ಬಚ್ಚಲು. ಅಳಿಸಿದರೆ ಪಾರಿವಾಳ.

ಒತ್ತು!
ಒತ್ತಿನ ಭಾಷೆಯಲ್ಲೇ ಹುಟ್ಟಿ ಒತ್ತು ನುಂಗಿದವನು ನಾನು.
ಹೊನ್ನಾವರದ ಶಾಲೆಯಲ್ಲಿ ಕತೆ ಬರೆಯೋ ಅಂದರೆ
ಕತ್ತೆ ಬರೆದು ಅಕ್ಕೋರ ಬೆರಳಿಗೆ ಸಿಕ್ಕಿದ್ದು ಈ ಕಿವಿಯೇ.
ನಾಲ್ಕು ವರ್ಷ ಇದೇ ಕಿವಿಯೊಳಗಿದ್ದ ಮೊಬೈಲಿನ ಹೆಂಗಸು
ಒಂದು ದಿನವಾದರೂ ರೆಕ್ಕೆ ಬಡಿಯಬಾರದಿತ್ತೆ?

ಮೊನ್ನೆ ಮತ್ತೆ ಶಮ್ಸಾ ಅಜ್ಜಿಯ ತಾರಸಿ.
ಉಸ್ತಾದರಿಗೆ ಹುಷಾರಿಲ್ಲ, ಮೂರು ವಾರದಿಂದ ತರಗತಿಯಿಲ್ಲ.
ಟ್ಯಾಂಕಿಗಿಳಿದು ಗಾಳದ ಅಕ್ಷರ ಇಳಿಬಿಟ್ಟೆ.
ವಾಪಸು ಬಂದದ್ದರಲ್ಲಿ ಮೊಫಿಜುಲನ ಮೂಗಿತ್ತು,
ನಿಲ್ಮಿನಿ ಸೆರಗಿಲ್ಲದೆ ಅಂಗೈಯಲ್ಲಿ ಮುಚ್ಚುವ ನಗುವಿತ್ತು,
ಉಸ್ತಾದರ ಕೆಮ್ಮು ಕೂಡ;
ಕೆಮ್ಮಿನ ಪಕ್ಕದ ಮನೆಯದು ಆ ಅಕ್ಷರ ಎಂದು ಆಗ ತಿಳಿಯಿತು.

ಅಂಗಳದಿಂದ ಅಜ್ಜಿ ಕೂಗಿದಳು:
ಮೇಲೆ ಯಾರ ಜೊತೆ ಮಾತು?
ತಲೆ ಹೊರಗೆ ಹಾಕಿದೆ. ಟ್ಯಾಂಕಿನ ಅಂಚಿನಲ್ಲಿ
ನಾಲ್ಕೈದು ಕೂತಿದ್ದವು, ಬೂದು ಕುತ್ತಿಗೆ ಉಬ್ಬಿಸಿ.
ಹಮಾಮ್, ಅಂದೆ,
ಬೇಕೆಂದೇ ಒಂದು ಮ ಕಡಿಮೆ ಹಾಕಿ.

ಕೆಳಗೆ ಸ್ವಲ್ಪ ಹೊತ್ತು ಸದ್ದಿಲ್ಲ.
ಆಮೇಲೆ ಕೇಳಿದಳು:
ರಿಪೇರಿ ಆಯಿತೇ ಅವು?